ಸಲಮಾಂಕಾದಲ್ಲಿ ಒಂದು ವರ್ಷದ ಓದು: ಸ್ಪ್ಯಾನಿಷನ್ನು ಕನ್ನಡದ ದಾರಿಯಲ್ಲೇ ಕಲಿಯಿರಿ

ತುಂಗೆಯ ತಟ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಬೆಂಗಳೂರಿನಲ್ಲಿ ಬಿ.ಎ. ಅರ್ಥಶಾಸ್ತ್ರ ಓದುತ್ತಾ, ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ಶೈಕ್ಷಣಿಕ ವರ್ಷಕ್ಕೆ ಸ್ಪೇನಿನ ಸಲಮಾಂಕಾಕ್ಕೆ ಬಂದಿದ್ದೇನೆ. ಹೊರಡುವ ಮುಂಚೆ ಕನ್ನಡದಲ್ಲಿ ಹುಡುಕಿದಾಗ ಜರ್ಮನಿ, ಕೆನಡಾ, ಅಮೆರಿಕದ ಬಗ್ಗೆ ರಾಶಿ ಮಾಹಿತಿ ಸಿಕ್ಕಿತು. ಸ್ಪೇನ್ ಬಗ್ಗೆ ಕೇಳಿದರೆ ಫುಟ್‌ಬಾಲ್ ಸುದ್ದಿ ಬಿಟ್ಟು ಬೇರೇನೂ ಇರಲಿಲ್ಲ. ನನ್ನ ಹಿಂದೆ ಬರುವವರಿಗೆ ಇದು ಉಪಯೋಗವಾಗಲಿ.

ಸಲಮಾಂಕಾ ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ಬಸ್ಸಿನಲ್ಲಿ ಎರಡೂವರೆ ಗಂಟೆ ದೂರ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲು, ಹಾಗಾಗಿ ಚಳಿಗಾಲ ಕಡುಚಳಿ. ಒಂದೂವರೆ ಲಕ್ಷದ ಆಸುಪಾಸಿನ ಜನಸಂಖ್ಯೆ, ಅದರಲ್ಲಿ ಎಲ್ಲಿ ನೋಡಿದರೂ ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯ ಶುರುವಾಗಿದ್ದು 1218ರಲ್ಲಿ, ಲಿಯೋನ್ ರಾಜ್ಯದ ದೊರೆ ಒಂಬತ್ತನೇ ಅಲ್ಫೋನ್ಸೊ ಕಾಲದಲ್ಲಿ. ಇವತ್ತಿಗೂ ನಡೆಯುತ್ತಿರುವ ಸ್ಪೇನಿನ ವಿಶ್ವವಿದ್ಯಾಲಯಗಳಲ್ಲಿ ಇದೇ ಹಳೆಯದು. ಹಳೇ ಕಟ್ಟಡದ ಮುಖಭಾಗದ ಕಲ್ಲಿನ ಕೆತ್ತನೆಯಲ್ಲಿ ಒಂದು ತಲೆಬುರುಡೆ, ಅದರ ಮೇಲೊಂದು ಕಪ್ಪೆ ಇದೆ. ಯಾರೂ ತೋರಿಸದೆ ಆ ಕಪ್ಪೆಯನ್ನು ಕಂಡುಹಿಡಿದರೆ ಪರೀಕ್ಷೆ ಪಾಸು ಅಂತ ಇಲ್ಲಿನ ನಂಬಿಕೆ. ಒಳಗೆ ಹದಿನಾರನೇ ಶತಮಾನದ ಕವಿ ಮತ್ತು ಅಧ್ಯಾಪಕ ಫ್ರಾಯ್ ಲೂಯಿಸ್ ದೆ ಲಿಯೋನ್ ಪಾಠ ಮಾಡಿದ ಕೋಣೆಯನ್ನು ಉಳಿಸಿಕೊಂಡಿದ್ದಾರೆ. ಬೆಂಚು ಅಂದರೆ ಒರಟಾಗಿ ಸೀಳಿದ ಮರದ ತೊಲೆಗಳು, ಅಷ್ಟೇ. ಮೇಲೆಲ್ಲ ವಿದ್ಯಾರ್ಥಿಗಳು ಕೊರೆದ ಗುರುತುಗಳು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ವಿಷಯ. ನಮ್ಮಲ್ಲಿ ಬಹುತೇಕ ಎಲ್ಲರೂ ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಾರೆ. ಆಪ್ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಮೇಷ್ಟ್ರ ವಿವರಣೆಯೂ ಇಂಗ್ಲಿಷಿನಲ್ಲಿ. ಕನ್ನಡ ಬಲ್ಲವರಿಗೆ ಇದು ಸುತ್ತುದಾರಿ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಎಷ್ಟೋ ಸಂಗತಿಗಳು ನಮ್ಮ ನಾಲಿಗೆಯಲ್ಲಿ ಹುಟ್ಟಿದಾಗಿನಿಂದ ಇವೆ.

“ಮೆ ಗುಸ್ತಾ ಎಲ್ ಕಫೆ” ಅನ್ನುವುದನ್ನು ಪುಸ್ತಕ “ಕಾಫಿ ನನ್ನನ್ನು ಸಂತೋಷಪಡಿಸುತ್ತದೆ” ಅಂತ ತಲೆಕೆಳಗು ಮಾಡಿ ವಿವರಿಸುತ್ತದೆ. ನಮಗೆ ಅದು “ನನಗೆ ಕಾಫಿ ಇಷ್ಟ”, ಮುಗಿಯಿತು. “ಮೆ ದುಏಲೆ ಲಾ ಕಬೇಥಾ” ಅಂದರೆ “ನನಗೆ ತಲೆ ನೋಯುತ್ತೆ”. ಕ್ರಿಯಾಪದದ ಕೊನೆಯಲ್ಲೇ ಯಾರು ಅನ್ನುವುದು ಗೊತ್ತಾಗುವುದರಿಂದ “ನಾನು”, “ನೀನು” ಅಂತ ಪ್ರತಿ ಸಲ ಹೇಳಬೇಕಿಲ್ಲ. ನಾವು “ಬರ್ತೀನಿ” ಅಂತೀವಲ್ಲ, ಅವರೂ ಹಾಗೇ. ಭೂತಕಾಲ ಎರಡು ಬಗೆ ಅಂತ ನನ್ನ ಜೊತೆಗಿದ್ದ ಬ್ರಿಟಿಷ್ ಹುಡುಗಿ ತಲೆ ಚಚ್ಚಿಕೊಳ್ಳುತ್ತಿದ್ದಳು. “ಹೋದೆ” ಬೇರೆ, “ಹೋಗುತ್ತಿದ್ದೆ” ಬೇರೆ ಅನ್ನುವುದನ್ನು ನಮಗೆ ಯಾರು ಕಲಿಸಬೇಕು? ಉಚ್ಚಾರಣೆಯಲ್ಲೂ ಹಾಗೇ. ಅವರದು ನಮ್ಮ ತ, ದ, ಹಲ್ಲಿಗೆ ತಾಗುವ ಅಕ್ಷರ. ಇಂಗ್ಲಿಷಿನವರ ಟ, ಡ ಅಲ್ಲ. ಅ, ಎ, ಇ, ಒ, ಉ ಐದೇ ಸ್ವರ, ಬರೆದ ಹಾಗೇ ಓದುವುದು.

ಕಷ್ಟ ಇಲ್ಲ ಅಂತಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಅನ್ನುವುದು ನಮಗೆ ತಲೆನೋವೇ, ಯಾಕಂದರೆ ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕಲಿಂಗ. ಅಲ್ಲಿ ಮಾತ್ರ ಹಿಂದಿ ಕಲಿತಿದ್ದು ಕೈಹಿಡಿಯಿತು. “ಇರು” ಅನ್ನುವುದಕ್ಕೆ ಸೆರ್ ಮತ್ತು ಎಸ್ತಾರ್ ಅಂತ ಎರಡು ಕ್ರಿಯಾಪದ ಇವೆ, ಅದು ಬಳಸಿ ಬಳಸಿಯೇ ಬರಬೇಕು.

ಊಟ, ಬಾಡಿಗೆ, ವೀಸಾ, ತರಗತಿ, ಏನು ಬೇಕಾದರೂ ಕೇಳಿ. ತಡವಾದರೂ ಉತ್ತರಿಸುತ್ತೇನೆ.

ಬಸವನಗುಡಿ ಭಾಷಾಪ್ರೇಮಿ

ನಾನು ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಪಾಠ ಹೇಳುತ್ತಿದ್ದೇನೆ. ನೀವು ಬರೆದಿದ್ದು ಓದಿ ಬಹಳ ಖುಷಿಯಾಯಿತು, ಒಂದು ಸಣ್ಣ ಸೇರ್ಪಡೆ. “ಇಷ್ಟ” ಎನ್ನುವುದಕ್ಕಿಂತ “ನೋಯು” ಹಿಡಿದುಕೊಂಡು ಹೋದರೆ ಇನ್ನೂ ಸಲೀಸು. “ನನಗೆ ಪುಸ್ತಕ ಇಷ್ಟ, ಪುಸ್ತಕಗಳು ಇಷ್ಟ” ಎಂದಾಗ ಕನ್ನಡದಲ್ಲಿ ಏನೂ ಬದಲಾಗುವುದಿಲ್ಲ. ಸ್ಪ್ಯಾನಿಷಿನಲ್ಲಿ ಗುಸ್ತಾ ಹೋಗಿ ಗುಸ್ತಾನ್ ಆಗುತ್ತದೆ. ಆದರೆ “ಕಾಲು ನೋಯುತ್ತದೆ, ಕಾಲುಗಳು ನೋಯುತ್ತವೆ” ಎಂದು ಹೇಳಿ ನೋಡಿ. ಮೆ ದುಏಲೆ, ಮೆ ದುಏಲೆನ್. ಪೂರ್ತಿ ಹೊಂದಿಕೆ! ನನ್ನ ವಿದ್ಯಾರ್ಥಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಈ ಪಾಠವನ್ನು ಬೇಗ ಹಿಡಿಯುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಎಂಬ ಅಳುಕಿನಿಂದ ಬಂದವರೇ ಇಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾರೆ. ಅದನ್ನು ನೋಡುವುದು ನನಗೆ ಈ ಕೆಲಸದಲ್ಲಿ ಸಿಗುವ ದೊಡ್ಡ ಸಂತೋಷ.

ಇನ್ನೊಂದು ಮಾತು. ಸ್ಪ್ಯಾನಿಷ್ ಭಾಷೆಗೆ ನೆಬ್ರಿಹಾ ಎಂಬ ವಿದ್ವಾಂಸ ಬರೆದ ವ್ಯಾಕರಣ 1492ರಲ್ಲಿ ಅಚ್ಚಾಗಿದ್ದು ನೀವಿರುವ ಸಲಮಾಂಕಾದಲ್ಲೇ. ನಮ್ಮ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದು ಆಗಲೇ ಎರಡು ಶತಮಾನ ಕಳೆದಿತ್ತು. ವ್ಯಾಕರಣದ ವಿಷಯದಲ್ಲಿ ನಾವು ಹಿಂಜರಿಯಬೇಕಾದ ಕಾರಣವೇ ಇಲ್ಲ.

ಹುಬ್ಳಿ ಮಂದಿ

ತಂಗಿ, ಭಾಷಾದ ಮಾತು ಭಾಳ ಚಲೋ ಹೇಳಿದಿ. ಆದ್ರ ಹೊಟ್ಟಿಗೆ ಏನ್ ಮಾಡ್ತಿ? ನನ್ ತಮ್ಮಗೂ ಮುಂದಿನ ವರ್ಷ ಆ ಕಡೆ ಹೋಗೂ ಯೋಚನಿ ಐತಿ. ಅವಾ ಪಕ್ಕಾ ಶಾಕಾಹಾರಿ, ತತ್ತೀನೂ ತಿನ್ನಂಗಿಲ್ಲ. ಸ್ಪೇನ್ ಅಂದ್ರ ಬರೇ ಹಂದಿ ಮಾಂಸ ಅಂತ ಕೇಳೇನಿ. ಖರೇನ?

ತುಂಗೆಯ ತಟ

ಅಣ್ಣಾ, ಖರೇನೇ. ಈ ಸೀಮೆ ಉಪ್ಪು ಹಚ್ಚಿ ಒಣಗಿಸಿದ ಹಂದಿ ತೊಡೆ, ಅಂದರೆ ಹಾಮೋನ್‌ಗೆ ಹೆಸರುವಾಸಿ. ಪಕ್ಕದ ಗಿಹುವೆಲೊ ಊರಿನದ್ದಂತೂ ದೇಶಕ್ಕೆಲ್ಲ ಪ್ರಸಿದ್ಧ. ಬಾರ್‌ಗಳಲ್ಲಿ ಹಂದಿಯ ತೊಡೆಗಳನ್ನು ಸಾಲಾಗಿ ಸೂರಿಗೆ ನೇತು ಹಾಕಿರುತ್ತಾರೆ. “ನಾನು ಶಾಕಾಹಾರಿ” ಅಂತಷ್ಟೇ ಹೇಳಿದರೆ ಕೆಲವು ಕಡೆ ಟ್ಯೂನಾ ಮೀನು ಉದುರಿಸಿದ ಸಲಾಡ್ ಬರುತ್ತದೆ. ಅದಕ್ಕೇ ಬಿಡಿಸಿ ಹೇಳಬೇಕು: ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಅತೂನ್. ಮಾಂಸ ಬೇಡ, ಹಾಮೋನ್ ಬೇಡ, ಟ್ಯೂನಾ ಬೇಡ. ಮೊಟ್ಟೆ ತಿನ್ನದಿದ್ದರೆ “ಸಿನ್ ಉಏವೊ” ಕೂಡ. ಬೇಳೆ, ಕಾಳಿನ ಸಾರು ಕಂಡರೆ ಹಿಗ್ಗಬೇಡಿ, ಅದನ್ನು ಚೊರಿಸೊ ಅನ್ನುವ ಹಂದಿ ಮಾಂಸದ ಸಾಸೇಜ್ ಹಾಕಿ ಬೇಯಿಸಿರುವುದೇ ಹೆಚ್ಚು.

ಆದರೆ ಮನೆಯಲ್ಲಿ ಅಡುಗೆ ಮಾಡಿಕೊಳ್ಳುವವರಿಗೆ ಈ ಊರು ಸ್ವರ್ಗ. ಊರಿನ ಉತ್ತರಕ್ಕಿರುವ ಲಾ ಅರ್ಮುಞಾ ಬಯಲಿನ ಮಸೂರ ಕಾಳು ಇಡೀ ಸ್ಪೇನಿನಲ್ಲಿ ಹೆಸರು ಮಾಡಿದೆ. ಪೆದ್ರೊಸಿಯ್ಯಾನೊ ಅಂತ ಪುಟ್ಟ ಕಡಲೆ ಸಿಗುತ್ತದೆ, ದೊಡ್ಡ ಕಾಬೂಲಿ ಕಡಲೆಗಿಂತ ನಮ್ಮ ಬಾಯಿಗೆ ಹತ್ತಿರ, ಉಸಲಿಗೆ ಬಹಳ ಚೆನ್ನಾಗಿರುತ್ತದೆ. ಕಡಲೆ ಹಿಟ್ಟು ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಪಿಮೆಂತೋನ್ ಅಂತ ಕೆಂಪು ಪುಡಿ ಇದೆ, ಪಕ್ಕದ ಎಸ್ತ್ರೆಮದೂರಾ ಪ್ರಾಂತ್ಯದ ಲಾ ವೆರಾದಲ್ಲಿ ಮೆಣಸಿನಕಾಯಿಯನ್ನು ಓಕ್ ಮರದ ಹೊಗೆಯಲ್ಲಿ ಒಣಗಿಸಿ ಮಾಡುತ್ತಾರೆ. ನಮ್ಮ ಬ್ಯಾಡಗಿ ಪುಡಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಸಾರಿನ ಪುಡಿ, ಹುಣಸೆ, ಸಾಸಿವೆ, ಒಣಗಿಸಿದ ಕರಿಬೇವು ಮನೆಯಿಂದಲೇ ಬರಲಿ. ಮ್ಯಾಡ್ರಿಡ್‌ಗೆ ಹೋದಾಗ ಲವಪಿಯೆಸ್ ಬಡಾವಣೆಯ ಬಾಂಗ್ಲಾದೇಶಿ ಅಂಗಡಿಗಳಲ್ಲಿ ಬೇಳೆ, ಮಸಾಲೆ ತುಂಬಿಕೊಂಡು ಬರಬಹುದು.

ಊಟದ ಹೊತ್ತಿನ ಬಗ್ಗೆ ತಮ್ಮನಿಗೆ ಈಗಲೇ ಹೇಳಿಬಿಡಿ. ಮಧ್ಯಾಹ್ನದ ಊಟ ಎರಡು, ಮೂರು ಗಂಟೆಗೆ. ರಾತ್ರಿಯದು ಒಂಬತ್ತು, ಹತ್ತಕ್ಕೆ. ಮಧ್ಯೆ ಎರಡರಿಂದ ಐದರ ತನಕ ಸಣ್ಣ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಇದರಲ್ಲಿ ಗಡಿಯಾರದ ಪಾತ್ರವೂ ಇದೆ. ಭೂಪಟ ನೋಡಿದರೆ ಸ್ಪೇನ್ ಇರುವುದು ಇಂಗ್ಲೆಂಡಿನ ನೇರಕ್ಕೆ. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ಸಮಯಕ್ಕೆ ಸೇರಿಸಿತು, ಆಮೇಲೆ ಯಾರೂ ಹಿಂದಕ್ಕೆ ತರಲಿಲ್ಲ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ.

ಮಂಡ್ಯದಮ್ಮ

ಮಗಳೇ, ನಿನ್ನ ಬರಹ ಓದಿ ಸಮಾಧಾನ ಆಯ್ತು. ನನ್ನ ಮಗಳಿಗೂ ಅವಕಾಶ ಬಂದಿದೆ, ಅವರ ಅಪ್ಪ ಒಪ್ತಾ ಇಲ್ಲ. ಹುಡುಗಿ ಒಬ್ಬಳೇ, ಗೊತ್ತಿಲ್ಲದ ಭಾಷೆ, ರಾತ್ರಿ ಹೊತ್ತು ಓಡಾಟ. ನೀನು ಎಲ್ಲಿ ಉಳ್ಕೊಂಡಿದ್ದೀಯ? ಮನೆಯೋರು ಹೆಂಗೆ? ಮುಚ್ಚುಮರೆ ಇಲ್ದೆ ಹೇಳು ತಾಯಿ.

ತುಂಗೆಯ ತಟ

ಅಮ್ಮ, ನೇರವಾಗೇ ಹೇಳ್ತೀನಿ. ಇಲ್ಲಿನ ವಿದ್ಯಾರ್ಥಿಗಳು ಹೆಚ್ಚಾಗಿ ಮೂರ್ನಾಲ್ಕು ಜನ ಸೇರಿ ಫ್ಲ್ಯಾಟ್ ಮಾಡುತ್ತಾರೆ. ನಾನು ಬೇಕೆಂದೇ ಹಾಗೆ ಮಾಡದೆ, ಎಪ್ಪತ್ತು ದಾಟಿದ ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದೆ. ಅವರಿಗೆ ಇಂಗ್ಲಿಷಿನ ಒಂದು ಅಕ್ಷರ ಬರುವುದಿಲ್ಲ. ನನ್ನ ಸ್ಪ್ಯಾನಿಷ್ ಮಾತು ಬೆಳೆದಿದ್ದು ಅವರ ಮೇಜಿನ ಹತ್ತಿರ.

ಆ ಮೇಜಿನ ಬಗ್ಗೆ ಹೇಳಲೇಬೇಕು. ಮೆಸಾ ಕಮಿಯ್ಯಾ ಅನ್ನುತ್ತಾರೆ. ದುಂಡನೆಯ ಮೇಜು, ಅದಕ್ಕೆ ನೆಲ ಮುಟ್ಟುವ ದಪ್ಪ ಬಟ್ಟೆ, ಒಳಗೆ ಕಾಲಿಡುವ ಹಲಗೆಯ ನಡುವೆ ತಟ್ಟೆಯಾಕಾರದ ಹೀಟರ್. ಹಿಂದೆ ಅಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರಂತೆ, ಈಗ ಕರೆಂಟಿನದು. ಜನವರಿಯ ಸಂಜೆ ಬಟ್ಟೆ ಎತ್ತಿ ಕಾಲು ಒಳಗಿಟ್ಟು, ಅದನ್ನೇ ಸೊಂಟದವರೆಗೆ ಎಳೆದುಕೊಂಡು ಕೂತರೆ ಎದ್ದು ಹೋಗುವ ಮನಸ್ಸೇ ಬರುವುದಿಲ್ಲ. ಅಜ್ಜಿ ಟಿವಿಯಲ್ಲಿ ಕ್ವಿಜ್ ನೋಡುತ್ತಾ, ಬಟಾಣಿ ಸುಲಿಯುತ್ತಾ, ನಾನು ಲಿಂಗ ತಪ್ಪಿ ಹೇಳಿದಾಗೆಲ್ಲ ತಲೆ ಎತ್ತದೆ ಸರಿಯಾದ ರೂಪ ಹೇಳುತ್ತಾರೆ. ನಾನು ತಿರುಗಿ ಹೇಳುತ್ತೇನೆ. ಮಾತು ಮುಂದುವರಿಯುತ್ತದೆ. ಹೀಗೆ ಕಲಿತಿದ್ದು ಮರೆಯುವುದಿಲ್ಲ.

ರಾತ್ರಿಯ ವಿಷಯ. ಇಲ್ಲಿ ಸಂಜೆ ಏಳರ ಮೇಲೇ ಊರು ಎದ್ದೇಳುವುದು. ಪ್ಲಾಸಾ ಮಯೋರ್ ಅಂತ 1755ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಚೌಕ ಇದೆ, ಸುತ್ತಲೂ ಕಮಾನುಗಳು. ಯಾರನ್ನು ಭೇಟಿಯಾಗಬೇಕಾದರೂ “ಗಡಿಯಾರದ ಕೆಳಗೆ” ಅಂದರೆ ಸಾಕು. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೂ ಅಲ್ಲಿ ಮಕ್ಕಳು ಚೆಂಡಾಡುತ್ತಿರುತ್ತಾರೆ, ಅಜ್ಜಂದಿರು, ಅಜ್ಜಿಯರು ತೋಳು ಹಿಡಿದು ಸುತ್ತು ಹಾಕುತ್ತಿರುತ್ತಾರೆ. ಗ್ರಂಥಾಲಯದಿಂದ ತಡವಾಗಿ ನಡೆದು ಬರುವಾಗ ನನಗೆ ಹೆದರಿಕೆ ಆಗಿದ್ದಿಲ್ಲ. ಮ್ಯಾಡ್ರಿಡ್, ಬಾರ್ಸಿಲೋನಾದ ಮೆಟ್ರೊಗಳಲ್ಲಿ ಜೇಬುಗಳ್ಳರಿದ್ದಾರೆ, ಅಲ್ಲಿ ಫೋನು, ಪಾಸ್‌ಪೋರ್ಟ್ ಜೋಪಾನ. ತುರ್ತಿಗೆ 112. ಪರಿಚಯವಾದಾಗ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುವ ರೂಢಿ ಇದೆ. ಮುಜುಗರವಾದರೆ ನಗುತ್ತಾ ಮೊದಲೇ ಕೈ ಚಾಚಿದರಾಯಿತು, ಯಾರೂ ತಪ್ಪು ತಿಳಿಯುವುದಿಲ್ಲ.

ಅಪ್ಪನಿಗೆ ನನ್ನ ನಂಬರ್ ಬೇಕಿದ್ದರೆ ಖಾಸಗಿಯಾಗಿ ಮೆಸೇಜ್ ಮಾಡಿ ಅಮ್ಮ, ಮಾತಾಡ್ತೀನಿ.

ಕುಡ್ಲದ ಗಾಳಿ

ನಾನು ಬಾರ್ಸಿಲೋನಾದಲ್ಲಿ ಮಾಸ್ಟರ್ಸ್ ಮುಗಿಸಿದವ. ಒಂದು ವಿಷಯದಲ್ಲಿ ನಿಮ್ಮೊಂದಿಗೆ ಒಪ್ಪಲಿಕ್ಕಾಗುವುದಿಲ್ಲ ಮಾರಾಯ್ರೆ. ಸಣ್ಣ ಊರಾದರೆ ಭಾಷೆ ಬರುತ್ತದೆ, ಸರಿ. ಆದರೆ ಓದಿದ ಮೇಲೆ ಇಂಟರ್ನ್‌ಶಿಪ್, ಕೆಲಸ ಎಲ್ಲಿ? ಅದೆಲ್ಲ ಮ್ಯಾಡ್ರಿಡ್, ಬಾರ್ಸಿಲೋನಾದಲ್ಲೇ. ಇಂಗ್ಲಿಷಿನ ಕೋರ್ಸುಗಳೂ ಇಲ್ಲಿ ಜಾಸ್ತಿ. ಎಂಜಿನಿಯರಿಂಗ್, ಎಂಬಿಎ ಮಾಡುವವರು ಮೊದಲೇ ಸ್ಪ್ಯಾನಿಷ್ ಬರಬೇಕು ಅಂತ ಹೆದರಿ ಹಿಂದೆ ಸರಿಯುವುದು ಬೇಡ ಅಂತ ನನ್ನ ಅಭಿಪ್ರಾಯ.

ಬಾರ್ಸಿಲೋನಾಕ್ಕೆ ಬರುವವರಿಗೆ ಒಂದು ಎಚ್ಚರಿಕೆ. ಇಲ್ಲಿ ಕತಲಾನ್ ಬೇರೆಯೇ ಭಾಷೆ, ಸ್ಪ್ಯಾನಿಷಿನ ಉಪಭಾಷೆ ಅಲ್ಲ. ಪದವಿ ತರಗತಿಗಳಲ್ಲಿ ಎಷ್ಟೋ ಪಾಠ ಕತಲಾನ್‌ನಲ್ಲೇ ನಡೆಯುತ್ತದೆ. ವಿಷಯ ಆರಿಸುವ ಮುಂಚೆ ಆ ವಿಷಯದ ಬೋಧನಾ ಭಾಷೆ ಯಾವುದು ಅಂತ ವಿಶ್ವವಿದ್ಯಾಲಯದ ಪಠ್ಯವಿವರದಲ್ಲಿ ನೋಡಿಯೇ ಹೆಸರು ಕೊಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನನಗೆ ಅವರು ತಮ್ಮ ಭಾಷೆಯನ್ನು ಯಾಕೆ ಅಷ್ಟು ಜತನ ಮಾಡುತ್ತಾರೆ ಅಂತ ಯಾರೂ ವಿವರಿಸಬೇಕಾಗಲಿಲ್ಲ. ನಾಲ್ಕು ಮಾತು ಕತಲಾನ್ ಕಲಿತು ಅಂಗಡಿಯಲ್ಲಿ ಆಡಿದೆ, ಎಷ್ಟು ಪ್ರೀತಿಯಿಂದ ಮಾತಾಡಿಸಿದರು ಗೊತ್ತುಂಟಾ!

ತುಂಗೆಯ ತಟ

ಕೆಲಸದ ಮಾತು ನೂರಕ್ಕೆ ನೂರು ಸರಿ, ಒಪ್ಪಿದೆ. ಆದರೂ ಇಂಗ್ಲಿಷಿನಲ್ಲೇ ಎರಡು ವರ್ಷ ಕಳೆದು, ಒಂದು ಸ್ಪ್ಯಾನಿಷ್ ಮನೆಯೊಳಗೂ ಕಾಲಿಡದೆ ವಾಪಸ್ ಬಂದವರನ್ನು ನೋಡಿದ್ದೇನೆ. ಅವರು ದೂರದ ದೇಶಕ್ಕೆ ಹೋಗಿಯೂ ಅಲ್ಲಿನವರನ್ನು ಅರಿಯದೆ ಬಂದರಲ್ಲ ಅಂತ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕೋರ್ಸು ಇಂಗ್ಲಿಷಿನಲ್ಲಿರಲಿ, ಬದುಕು ಸ್ಪ್ಯಾನಿಷಿನಲ್ಲಿರಲಿ ಅಂತ ನನ್ನ ಮಾತು.

ಬಿಕಾಂ ಮೂರನೇ ಸೆಮ್

ಅಕ್ಕಾ, ಖರ್ಚು ಎಷ್ಟಾಗುತ್ತೆ? ವೀಸಾಗೆ ಏನೇನು ಕಾಗದ ಬೇಕು? ಪಾರ್ಟ್ ಟೈಮ್ ಕೆಲಸ ಮಾಡಬಹುದಾ? ಕ್ಲಾಸ್ ಹೇಗಿರುತ್ತೆ, ಅಟೆಂಡೆನ್ಸ್ ಇದೆಯಾ?

ತುಂಗೆಯ ತಟ

ನನ್ನ ಕೋಣೆಗೆ ತಿಂಗಳಿಗೆ 300 ಯೂರೋ, ಹೀಟಿಂಗ್ ಸೇರಿ. ಮ್ಯಾಡ್ರಿಡ್‌ನಲ್ಲಿ ಇಷ್ಟಕ್ಕೆ ಏನೂ ಸಿಗುವುದಿಲ್ಲ. ವೀಸಾಕ್ಕೆ ತಿಂಗಳಿಗೆ 600 ಯೂರೋ ಲೆಕ್ಕದಲ್ಲಿ ನಿಮ್ಮ ಹತ್ತಿರ ಹಣ ಇದೆ ಅಂತ ತೋರಿಸಬೇಕು. ವಸತಿಯ ದುಡ್ಡು ಮೊದಲೇ ಕಟ್ಟಿದ್ದರೆ ಆ ರಸೀದಿಯನ್ನೂ ಇಡಿ.

ವೀಸಾದಲ್ಲಿ ಮುಖ್ಯವಾದ ಗೆರೆ 180 ದಿನ. ಒಂದು ಸೆಮಿಸ್ಟರಿಗೆ, ಅಂದರೆ 180 ದಿನದೊಳಗೆ ಓದು ಮುಗಿಸಿ ಹೋಗುವವರಿಗೆ ಕಾಗದದ ಕೆಲಸ ಕಡಿಮೆ. ಅದಕ್ಕಿಂತ ಹೆಚ್ಚಾದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅದಕ್ಕೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ (ಕಾಗದ ಅಸಲಿ ಅಂತ ಬೇರೆ ದೇಶದವರು ಒಪ್ಪುವ ದೃಢೀಕರಣ), ಅದರ ಪ್ರಮಾಣಿತ ಸ್ಪ್ಯಾನಿಷ್ ಅನುವಾದ, ವೈದ್ಯಕೀಯ ಪ್ರಮಾಣಪತ್ರ ಎಲ್ಲ ಬೇಕು. ಈ ಸರಪಳಿಯಲ್ಲಿ ಒಂದು ಮುಗಿಯದೆ ಇನ್ನೊಂದು ಆಗುವುದಿಲ್ಲ, ಹಾಗಾಗಿ ಪ್ರವೇಶ ಪತ್ರ ಬಂದ ವಾರವೇ ಶುರು ಮಾಡಿ. ಇಲ್ಲಿಗೆ ಬಂದ ಮೇಲೆ ಪುರಸಭೆಯಲ್ಲಿ ವಿಳಾಸ ನೋಂದಾಯಿಸಿ, ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಬೆರಳಚ್ಚು ಕೊಡಲು ಆನ್‌ಲೈನ್ ಸಮಯ ಸಿಗುವುದೇ ಕಷ್ಟ. ಬೆಳಿಗ್ಗೆ ಬೇಗ ಪ್ರಯತ್ನಿಸಿ.

ಉನ್ನತ ಶಿಕ್ಷಣದ ವಿದ್ಯಾರ್ಥಿಗಳು ವಾರಕ್ಕೆ 30 ಗಂಟೆವರೆಗೆ ಕೆಲಸ ಮಾಡಬಹುದು. ಆದರೆ ಸಲಮಾಂಕಾದಂಥ ಊರಲ್ಲಿ ಕೆಲಸ ಹುಡುಕುವ ವಿದ್ಯಾರ್ಥಿಗಳೇ ಜಾಸ್ತಿ. ಅದನ್ನು ನಂಬಿಕೊಂಡು ಬರಬೇಡ ತಮ್ಮಾ.

ತರಗತಿ ಬಗ್ಗೆ: ಅಂಕ ಹತ್ತಕ್ಕೆ, ಐದು ಬಂದರೆ ಪಾಸು, ಒಂಬತ್ತು ದಾಟಿದರೆ ಅತ್ಯುತ್ತಮ. ಪ್ರೊಫೆಸರ್ ಮಾತಾಡುತ್ತಾ ಹೋಗುತ್ತಾರೆ, ಎಲ್ಲರೂ ಅಕ್ಷರಶಃ ಬರೆದುಕೊಳ್ಳುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ಆ ನೋಟ್ಸ್‌ಗೆ ಚಿನ್ನದ ಬೆಲೆ. ಹಾಜರಾತಿ ವಿಷಯದಿಂದ ವಿಷಯಕ್ಕೆ ಬೇರೆ. ನನಗೆ ತೀರಾ ಹೊಸದು ಅನಿಸಿದ್ದು ಪ್ರೊಫೆಸರನ್ನು ಹೆಸರು ಹಿಡಿದು, ಏಕವಚನದಲ್ಲಿ ಮಾತಾಡಿಸುವುದು. ನಾನು ಗೌರವದಿಂದ “ಉಸ್ತೆದ್” ಅಂತಿದ್ದೆ. ಅವರೇ ಕರೆದು “ತೂ ಅನ್ನು, ನನಗೆ ಅಷ್ಟು ವಯಸ್ಸಾಗಿಲ್ಲ” ಅಂದರು. ಗುರುಗಳಿಗೆ ನೀನು ಅನ್ನಲು ನನ್ನ ಬಾಯಿ ಇನ್ನೂ ತಡವರಿಸುತ್ತದೆ. ಆದರೆ ಅದರಿಂದ ಒಂದು ಲಾಭವಾಗಿದೆ. ತರಗತಿಯಲ್ಲಿ ಎದ್ದು “ಇದು ನನಗೆ ಸರಿ ಕಾಣುತ್ತಿಲ್ಲ” ಅಂತ ಹೇಳುವ ಧೈರ್ಯ ಬಂದಿದೆ.

ಮೆಕ್ಸಿಕೊದಲ್ಲಿ ಮೈಸೂರು

ಮೆಕ್ಸಿಕೊ ಸಿಟಿಯಿಂದ ನಮಸ್ಕಾರ. ನಾನು ಉನಾಮ್ ವಿಶ್ವವಿದ್ಯಾಲಯದಲ್ಲಿದ್ದೇನೆ. ಇಲ್ಲಿ ಉಸ್ತೆದ್ ಜೋರಾಗಿ ಬದುಕಿದೆ. ಅಂಗಡಿಯವರು, ಹಿರಿಯರು, ಮೇಷ್ಟ್ರು, ಎಲ್ಲರಿಗೂ ಮರ್ಯಾದೆಯ ಮಾತು. ನಮ್ಮ “ನೀವು” ಅಭ್ಯಾಸಕ್ಕೆ ಹೇಳಿ ಮಾಡಿಸಿದ ದೇಶ. ಸ್ಪೇನಿನ “ನೀವೆಲ್ಲ” ರೂಪ, ವೊಸೋತ್ರೊಸ್, ಇಲ್ಲಿ ಬಳಕೆಯಲ್ಲೇ ಇಲ್ಲ. ಕಲಿಯಲು ಅಷ್ಟು ಕಡಿಮೆ!

ಊಟದಲ್ಲಂತೂ ನಾನು ಮನೆಯಲ್ಲೇ ಇದ್ದೇನೆ. ಮೆಣಸಿನಕಾಯಿ, ಟೊಮೆಟೊ, ಮೆಕ್ಕೆಜೋಳ, ಸೀಬೆ, ಪಪ್ಪಾಯಿ ಎಲ್ಲ ಈ ಕಡೆಯಿಂದಲೇ ನಮ್ಮ ಅಡುಗೆಮನೆಗೆ ಬಂದವು. ಹುಣಸೆ ಮಾತ್ರ ಹೊರಗಿನಿಂದ ಇಲ್ಲಿಗೆ ಬಂತು. ಬೀದಿಬದಿಯಲ್ಲಿ ಹುಣಸೆ ಪಾನಕ ಮಾರುತ್ತಾರೆ. ರಾಜಗಿರಿ ಕಾಳನ್ನು ಅರಳಿಸಿ ಜೇನು ಹಾಕಿ ಚಿಕ್ಕಿ ಕಟ್ಟುತ್ತಾರೆ, ಹೆಸರು ಅಲೆಗ್ರಿಯಾ. ಶಾಕಾಹಾರಿಗಳು ಹುರುಳಿಕಾಯಿ ಜಾತಿಯ ಕಾಳು, ಪಾಪಾಸುಕಳ್ಳಿ ಎಲೆಯ ಪಲ್ಯ, ಮೆಕ್ಕೆಜೋಳದ ರೊಟ್ಟಿ ತೋರ್ತಿಯ್ಯಾ ತಿಂದು ಆರಾಮಾಗಿರಬಹುದು. ಕಾಳಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ.

ಬರುವವರು ಭೂಕಂಪದ ಸೈರನ್ನಿಗೆ ಸಿದ್ಧರಾಗಿರಿ. 1985ರ ಸೆಪ್ಟೆಂಬರ್ 19ರ ದುರಂತದ ನೆನಪಿಗೆ ಪ್ರತಿ ವರ್ಷ ಅದೇ ದಿನ ಅಣಕು ತಾಲೀಮು ನಡೆಯುತ್ತದೆ. 2017ರಲ್ಲಿ ತಾಲೀಮು ಮುಗಿದು ಎರಡು ಗಂಟೆ ಕಳೆದಿತ್ತಷ್ಟೇ, ನಿಜವಾದ ಭೂಕಂಪವೇ ಬಂತು. 2022ರಲ್ಲೂ ಅದೇ ದಿನ ಮತ್ತೆ ನಡುಗಿತು. ಸೈರನ್ ಕೇಳಿದ ಕೂಡಲೇ ಸಹಪಾಠಿಗಳು ಮಾತಿಲ್ಲದೆ, ತಳ್ಳಾಟವಿಲ್ಲದೆ ಸಾಲಾಗಿ ಕೆಳಗಿಳಿಯುತ್ತಾರೆ. ಹಿಂದೆ ಉಳಿದ ಹೊಸಬರ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ನನ್ನನ್ನೂ ಹಾಗೆ ಹಿಡಿದು ಕರೆದೊಯ್ದವರು ಇವತ್ತು ನನ್ನ ಆಪ್ತ ಸ್ನೇಹಿತರು.

ಭಾಷೆ ಕಲಿಯಲೆಂದೇ ಬರುವವರಿಗೆ ಉನಾಮ್‌ನಲ್ಲಿ 1921ರಿಂದ ವಿದೇಶಿಯರ ಬೋಧನಾ ಕೇಂದ್ರ ಇದೆ.

ಬಿಕಾಂ ಮೂರನೇ ಸೆಮ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೇ ಪ್ರಶ್ನೆ. ನನ್ನದು ಕನ್ನಡ ಮಾಧ್ಯಮ, ಚಿತ್ರದುರ್ಗ ಹತ್ತಿರದ ಹಳ್ಳಿ. ಹೊರಡೋಕೆ ಇನ್ನೊಂದು ವರ್ಷ ಇದೆ. ಎಲ್ಲಿಂದ ಶುರು ಮಾಡ್ಲಿ?

ಬಸವನಗುಡಿ ಭಾಷಾಪ್ರೇಮಿ

ಮೊದಲು ಕಿವಿಯಿಂದ. ದಿನಕ್ಕೆ ಅರ್ಧ ಗಂಟೆ ಸ್ಪ್ಯಾನಿಷ್ ರೇಡಿಯೊ ಕೇಳಿ, ಅರ್ಥವಾಗದಿದ್ದರೂ ಪರವಾಗಿಲ್ಲ. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಅವರ ಞ ಧ್ವನಿಗೆ ಅಕ್ಷರ ನಮ್ಮಲ್ಲೇ ಇದೆ, ಇಂಗ್ಲಿಷ್ ಲಿಪಿಗಿಂತ ಕನ್ನಡ ಲಿಪಿ ಈ ಭಾಷೆಯ ಉಚ್ಚಾರಣೆಯನ್ನು ಚೆನ್ನಾಗಿ ಹಿಡಿಯುತ್ತದೆ. ಮಟ್ಟ ಅಳೆಯಲು ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯ ಡೆಲೆ ಪರೀಕ್ಷೆ ಇದೆ, ಆರಂಭದ ಎ1 ಮಟ್ಟದಿಂದ ಕೊನೆಯ ಸಿ2ವರೆಗೆ. ಸಂಸ್ಥೆಯ ಕೇಂದ್ರ ದೆಹಲಿಯಲ್ಲಿದೆ. ಸ್ಪ್ಯಾನಿಷಿನಲ್ಲೇ ಪಾಠ ಕೇಳುವುದಾದರೆ ಬಿ1 ಇದ್ದರೆ ಒಳ್ಳೆಯದು, ಬಿ2 ಇದ್ದರೆ ನಿಶ್ಚಿಂತೆ.

ತುಂಗೆಯ ತಟ

ಮೇಡಂ ಹೇಳಿದ್ದಕ್ಕೆ ಒಂದೇ ಸೇರಿಸ್ತೀನಿ. ಕ್ರಿಯಾಪದದ ರೂಪಗಳನ್ನು ಕನ್ನಡದ ಎದುರು ಬರೆದು ನಾನೊಂದು ನೋಟ್‌ಬುಕ್ ಮಾಡಿಕೊಂಡಿದ್ದೇನೆ. ಹೋದೆ, ಹೋಗುತ್ತಿದ್ದೆ, ಹೋಗುತ್ತೇನೆ, ಹೋಗಿದ್ದೇನೆ, ಹೀಗೆ ಸಾಲಾಗಿ. ಅದರ ಪುಟಗಳ ಫೋಟೊ ತೆಗೆದು ಈ ಶನಿವಾರ ಇಲ್ಲೇ ಹಾಕುತ್ತೇನೆ. ಮೇಡಂ, ಬಿಡುವಾದಾಗ ನೋಡಿ ತಿದ್ದಿಕೊಡಿ. ತಮ್ಮಾ, ನೀನು ಅದನ್ನು ಇಳಿಸಿಕೊಂಡು ಮೊದಲ ಪುಟದಿಂದ ಶುರು ಮಾಡು.